ಕಟ್ಟಿದವರ ಹೆಸರಷ್ಟೇ ಉಳಿದ ಊರು

ಸ್ವೀಡನ್ನಿನ ನಾರ್‌ಶೋಪಿಂಗ್ ಊರಿನ ನನ್ನ ಮನೆಯ ಕೆಳಗಿರುವ ಮರುಬಳಕೆಯ ಡಬ್ಬಿಗೆ ಮೊನ್ನೆ ಮಳೆನೀರು ನುಗ್ಗಿತ್ತು. ಹಳೆಯ ಪತ್ರಿಕೆಗಳನ್ನು ಹಾಕಲೆಂದು ಮುಚ್ಚಳ ತೆಗೆದೆ. ಒದ್ದೆ ಕಾಗದದ ಆ ವಾಸನೆ... ಕೈಯಲ್ಲಿದ್ದುದನ್ನು ಹಿಡಿದು ಹಾಗೆಯೇ ನಿಂತುಬಿಟ್ಟೆ. ನನ್ನ ಮೇಷ್ಟ್ರು ನೆನಪಾದರು.

ಈ ಶತಮಾನದ ಆರಂಭದ ವರ್ಷಗಳಲ್ಲಿ, ಇದೇ ದೇಶದ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಅವರಿಂದ ರೋಮನ್ ಶಾಸನಗಳನ್ನು ಓದಲು ಕಲಿತೆ. ಇಲ್ಲಿ ಗುರುವನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ನಾಲಿಗೆ ಹೊರಳಲಿಲ್ಲ. ನಾನು "ಸರ್" ಎಂದಾಗಲೆಲ್ಲ ಅವರು ತಮ್ಮ ಬೆನ್ನ ಹಿಂದೆ ತಿರುಗಿ ನೋಡುತ್ತಿದ್ದರು. "ಯಾರು, ರಾಜರು ಬಂದರೇನು?"

ಅವರ ಬದುಕೆಲ್ಲ ಡ್ಯಾನ್ಯೂಬ್ ದಡದ ಒಂದು ರೋಮನ್ ಊರಿಗೆ ಸಂದಿತ್ತು. ಸೈನಿಕರ ಪಾಳೆಯದ ಬದಿಯಲ್ಲಿ ವ್ಯಾಪಾರಿಗಳ ಗುಡಾರಗಳೆದ್ದು, ಗುಡಾರಗಳು ಬೀದಿಗಳಾಗಿ, ಸ್ನಾನಗೃಹ, ಸಂತೆಕಟ್ಟೆ, ನಗರಸಭೆಗಳು ಹುಟ್ಟಿಕೊಂಡ ಊರು. ಯೌವನದಲ್ಲಿ ಅವರು ಅಲ್ಲಿನ ಕಲ್ಲುಗಳ ಮೇಲೆ ಒದ್ದೆ ಕಾಗದ ಹಾಸಿ, ಬಿರುಸಾದ ಬ್ರಷ್ಷಿನಿಂದ ಬಡಿದು, ಅಕ್ಷರಗಳ ಪಡಿಯಚ್ಚು ತೆಗೆದಿದ್ದರು. ಆಮೇಲೆ ಎಷ್ಟೋ ಕಲ್ಲುಗಳೇ ಕಾಣೆಯಾದವು. ಕಾಗದಗಳು ಮಾತ್ರ ವಿಭಾಗದ ಕಪಾಟಿನಲ್ಲಿ ಉಳಿದವು. ಇಂಥವನು ಸ್ವಂತ ಖರ್ಚಿನಲ್ಲಿ ಈ ಸ್ನಾನಗೃಹ ಕಟ್ಟಿಸಿದ, ಇಂಥವಳು ಈ ಕಂಬ ನಿಲ್ಲಿಸಿದಳು... ಒಂದೊಂದರಲ್ಲೂ ಹೆಸರು. ಕಟ್ಟಿಸಿದವರ ಮುಂದಿನ ತಲೆಮಾರುಗಳಲ್ಲಿ ಆ ಊರಿನ ನಗರಸಭೆಯ ಹೊಣೆ ಹೊರಲು ಯಾರೂ ಬರಲಿಲ್ಲ. ಗೋರಿಕಲ್ಲುಗಳನ್ನೇ ಕಿತ್ತು ಕೋಟೆಗೋಡೆಗೆ ತುಂಬಿದರು. ಕಿತ್ತವರು ಯಾರೆಂದು ಯಾವ ಕಲ್ಲೂ ಹೇಳುವುದಿಲ್ಲ.

ಹಾಳುಮಾಡಿದವನಿಗೆ ಕಾಶಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ತಟ್ಟಲಿ ಎಂದು ನಮ್ಮ ಕನ್ನಡ ಶಾಸನಗಳು ಕೊನೆಯಲ್ಲಿ ಶಪಿಸುತ್ತವೆ ಎಂದೆ. ಮೇಷ್ಟ್ರು ನಕ್ಕರು. "ನಿಮ್ಮವರು ಜಾಣರು. ಹಾಳುಮಾಡುವವನು ಬಂದೇ ಬರುತ್ತಾನೆಂದು ಗೊತ್ತಿತ್ತು. ನನ್ನ ಊರಿನವರಿಗೆ ಬರೀ ಹೊಗಳಿಕೆ ಬೇಕಿತ್ತು."

ಒಂದು ಬೇಸಿಗೆಯಲ್ಲಿ ರಜೆ ಮುಗಿಸಿ ಬಂದಾಗ ವಿಭಾಗ ಬೇರೆ ಕಟ್ಟಡಕ್ಕೆ ಸ್ಥಳಾಂತರವಾಗಿತ್ತು. ಪಡಿಯಚ್ಚುಗಳಿರಲಿಲ್ಲ. ಹಳೆಯ ಕಾಗದವೆಂದು ಮರುಬಳಕೆಗೆ ಹೋಗಿದ್ದವು! ಯಾರ ಆದೇಶ? "ಸಭೆಯಲ್ಲಿ ತೀರ್ಮಾನವಾಯಿತು" ಎಂದರು ಮುಖ್ಯಸ್ಥರು. "ಎಲ್ಲರಿಗೂ ಸರಿ ಅನ್ನಿಸಿತು" ಎಂದರು ಸಭೆಯಲ್ಲಿದ್ದವರು. ಎಲ್ಲರೂ ಎಂದರೆ ಯಾರು? ಒಂದು ಹೆಸರು ಕೊಡಿ ಎಂದು ಪಟ್ಟು ಹಿಡಿದ ನನಗೆ ಅವರು ಬಹು ಸೌಜನ್ಯದಿಂದ ಕಾಫಿಯನ್ನೂ ಏಲಕ್ಕಿ ಬನ್ನನ್ನೂ ಕೊಟ್ಟರು.

ಕೊನೆಗೆ ಮೇಷ್ಟ್ರ ಬಳಿಗೆ ಹೋದೆ.

"ಆ ಸಭೆಯಲ್ಲಿ ನೀವಿರಲಿಲ್ಲವೇ, ಸರ್?"

ಅಂದು ಅವರು ಹಿಂದೆ ತಿರುಗಿ ನೋಡಲಿಲ್ಲ. "ಇದ್ದೆ."

"ಬೇಡ ಎನ್ನಲಿಲ್ಲವೇ?"

"ಯಾರಿಗಾದರೂ ಆಕ್ಷೇಪವಿದೆಯೇ ಎಂದು ಕೇಳಿದರು... ಬೇರೆ ಯಾರಾದರೂ ಹೇಳುತ್ತಾರೆ ಎಂದುಕೊಂಡೆ."

ಅಷ್ಟು ಪ್ರೀತಿಸಿದ್ದನ್ನು ಉಳಿಸಲು ಒಂದು ಮಾತು ಏಕೆ ಹೊರಡಲಿಲ್ಲ? ಅಂಜಿದರೇ, ದಣಿದಿದ್ದರೇ... ನನಗೆ ಇಂದಿಗೂ ಅರ್ಥವಾಗಿಲ್ಲ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಉತ್ತರ ಬೇಕೆಂಬ ನನ್ನ ಹಟ ಇಂಗಿಲ್ಲ. ಯಾರಿಂದ ಎಂಬುದೇ ತಿಳಿಯದಾಗಿದೆ. ಮೊನ್ನೆ ಆ ಡಬ್ಬಿಯ ಮುಂದೆ ನಿಂತು ನಮ್ಮ ಕಲ್ಲುಗಳ ಶಾಪವನ್ನು ಗಟ್ಟಿಯಾಗಿಯೇ ಶುರುಮಾಡಿದೆ. ಇದನ್ನು ಹಾಳುಮಾಡಿದವನಿಗೆ... ಎಂಬಲ್ಲಿಗೆ ದನಿ ನಿಂತಿತು. ಮುಂದಿನ ಮಾತು ಮೇಷ್ಟ್ರಿಗೂ ತಟ್ಟುತ್ತಿತ್ತು.