ಹಾರಿಹೋದ ಜರಿ

ಇವತ್ತು ಬೆಳಿಗ್ಗೆ ಕೊತ್ತಂಬರಿ ಕುಂಡದಲ್ಲಿ ಒಂದು ಜರಿಯ ಚೂರು ಬಿದ್ದಿತ್ತು. ಜಮಖಂಡಿಯಲ್ಲಿ ಮನೆ ಮಾಡಿ ಎಷ್ಟೋ ವರ್ಷವಾದರೂ ನಾನು ಹುಟ್ಟಿದ್ದು ನೇಕಾರರ ಮನೆಯಲ್ಲಿ. ಜರಿ ಕಂಡರೆ ಕೈ ತಾನಾಗಿ ಹೋಗುತ್ತದೆ. ಬಗ್ಗಿ ಎತ್ತಲು ಹೋದೆ. ಜರಿ ಪುರ್ರನೆ ಹಾರಿ ಪೇರಲ ಗಿಡ ಸೇರಿತು. ಹಿಂದೆ ಕಟ್ಟೆಯ ಮೇಲೆ ಹೆಂಡತಿ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದಳು. ಈಚೆಗೆ ಅವಳಿಗೆ ಆ ಚಟ ಹತ್ತಿದೆ. ಪೇಪರು ನನ್ನ ಕೈಗೆ ಬರುವ ಮೊದಲೇ ಸುದ್ದಿಯೆಲ್ಲ ಕಿವಿಗೆ ಬಿದ್ದಿರುತ್ತದೆ.

ಅದು ಜರಿಯಲ್ಲ, ಪತಂಗ; ನನಗೆ ಹಳೆಯ ಪರಿಚಯ. ನಿಮ್ಮ ಹಿತ್ತಲಲ್ಲೂ ಇರುತ್ತದೆ, ನೀವು ನೋಡಿಲ್ಲ ಅಷ್ಟೇ. ಕಂದು ರೆಕ್ಕೆ, ಅದರ ಮೇಲೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಯಂಥ ಒಂದು ತೇಪೆ. ಹಗಲೆಲ್ಲ ಎಲೆಯ ಮರೆಯಲ್ಲಿ ಕೂತಿದ್ದು, ಹೊತ್ತು ಮುಳುಗಿದ ಮೇಲೆ ಹೂವಿಂದ ಹೂವಿಗೆ ತಿರುಗುತ್ತದೆ. ರಸ ಕುಡಿಯುವಾಗಲೂ ರೆಕ್ಕೆ ನಡುಗಿಸುತ್ತಲೇ ಇರುತ್ತದೆ. ಮರಿಯಾಗಿದ್ದಾಗ ಅದು ಹಸಿರು ಹುಳು. ಗೇಣು ಹಾಕಿ ಬಟ್ಟೆ ಅಳೆಯುವವರಂತೆ ಬೆನ್ನು ಬಾಗಿಸಿ ನಡೆಯುತ್ತ ಕೊತ್ತಂಬರಿ ಮೇಯುತ್ತದೆ. ಆಮೇಲೆ ಎಲೆಯೊಂದನ್ನು ಮಡಚಿ, ಬಿಳಿ ನೂಲು ಸುತ್ತಿಕೊಂಡು ಮಲಗಿಬಿಡುತ್ತದೆ. ಇಷ್ಟೆಲ್ಲ ನನಗೆ ತೋರಿಸಿಕೊಟ್ಟವಳು ಬನಹಟ್ಟಿಯ ನನ್ನ ಚಿಕ್ಕಮ್ಮ, ಗಂಗವ್ವ ಕಾಕು.

ಕಾಲೇಜಿನ ದಿನಗಳಲ್ಲಿ ನಾನು ಕಾಕಾ, ಕಾಕು ಅವರ ಮನೆಯಲ್ಲಿದ್ದೆ. ಓಣಿಯೆಲ್ಲ ಪಾವರ್‌ಲೂಮ್ ಆದರೂ ಕಾಕು ಕೈಮಗ್ಗ ಬಿಟ್ಟಿರಲಿಲ್ಲ. ನೇಯುವಾಗ ಬಟ್ಟೆಯ ಮೇಲೆ ಬಿದ್ದ ಬಿಡಿ ಎಳೆಯನ್ನು ಆಗಿಂದಾಗ ಚಿಮಟದಿಂದ ತೆಗೆಯದಿದ್ದರೆ ಅದು ಸೀರೆಯೊಳಗೇ ಸೇರಿಹೋಗುತ್ತದೆ. ಈ ಎಳೆ ಹೆಕ್ಕುವ ರೂಢಿ ಮಗ್ಗದಿಂದ ಎದ್ದರೂ ಅವಳನ್ನು ಬಿಡುತ್ತಿರಲಿಲ್ಲ. ಒಮ್ಮೆ ಮುಧೋಳದ ಬಸ್ಸಿನಲ್ಲಿ ಕಂಡಕ್ಟರನ ಅಂಗಿಯ ಎಳೆ ಜಗ್ಗಿದಳು. ಗುಂಡಿಯೇ ಕೈಗೆ ಬಂತು. ನಾನು ಇವಳು ಯಾರೋ ಗೊತ್ತಿಲ್ಲ ಎನ್ನುವಂತೆ ಕಿಟಕಿಯ ಹೊರಗಿನ ಕಬ್ಬು ನೋಡುತ್ತ ಕೂತೆ.

ಒಂದು ಸಂಜೆ ಈ ಪತಂಗ ಬಂದು ಮಗ್ಗದ ಮೇಲಿನ ಸೀರೆಯ ಮೇಲೆ ಕೂತಿತು. ಕಾಕು ಚಿಮಟ ಹಿಡಿದಳು. ಪತಂಗ ಹಾರಿ ಗೋಡೆಗೆ ಹೋಯಿತು. ಅವಳು ಮಾತ್ರ ಖಾಲಿ ಬಟ್ಟೆಯ ಮೇಲೆ ಚಿಮಟ ಆಡಿಸುತ್ತಲೇ ಇದ್ದಳು. ನನ್ನ ನಗು ಅಲ್ಲೇ ನಿಂತಿತು.

"ಕಾಕು, ಅದು ಜರಿ ಅಲ್ಲ, ಹುಳಾ. ಆಗಳೇ ಹಾರಿಹೋತು."

ಅವಳು ಚಿಮಟ ಕೆಳಗಿಟ್ಟಳು. "ತಮ್ಮಾ, ನಿಮ್ಮ ಕಾಕಾಗ ಹೇಳಬ್ಯಾಡೋ. ಕಣ್ಣ ಮಂಜ ಆಗ್ಯಾವಂತ ಗೊತ್ತಾದ್ರ ಮಗ್ಗ ಬಿಚ್ಚಿಸಿಬಿಡತಾರ. ಮಗ್ಗ ಬಿಟ್ಟು ನಾ ಏನ ಮಾಡ್ಲಿ?"

ಕಂಡಕ್ಟರನಿಗೂ ಹೆದರದವಳು ನನ್ನೆದುರು ಹೆದರಿದ್ದನ್ನು ಕಂಡು ಸಂಕಟವಾಯಿತು. "ಡಾಕ್ಟರ್‌ಗೆ ತೋರಿಸಿದ್ರ ಹೇಳಂಗಿಲ್ಲ" ಎಂದೆ. ಬಳೆ ತರುವ ನೆಪ ಹೇಳಿ ಜಮಖಂಡಿಗೆ ಹೋದೆವು. ಡಾಕ್ಟರು ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಬೇಕು ಎಂದರು. ಆಪರೇಷನ್ನನ್ನು ಬಳೆಯ ನೆಪದಲ್ಲಿ ಮುಚ್ಚಿಡಲಾದೀತೇ? ಮನೆಗೆ ಬಂದು ನಾನೇ ತೊದಲುತ್ತ ಕಾಕಾನಿಗೆ ಹೇಳಿದೆ.

ಕಾಕಾ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ಕಾಕೂನ ಕಡೆ ತಿರುಗಿ, "ಗೊತ್ತೈತಿ. ಮೂರು ತಿಂಗಳಾತು, ನೀ ನೀರಿಗೆ ಹ್ವಾದಾಗ ನಿನ್ನ ಸೀರಿ ಮ್ಯಾಲಿನ ಎಳಿ ನಾನಽ ತಗ್ಯಾಕತ್ತೇನಿ. ಹೇಳಿದ್ರ ಎಲ್ಲಿ ಮಗ್ಗಕ್ಕ ಕೂಡೂದು ಬಿಡತಿಯೋ ಅಂತ ಸುಮ್ಮನಿದ್ದೆ" ಎಂದ.

ಕಾಕು, "ಅದಕ್ಕಽ ಮೊನ್ನಿ ಸೀರಿ ದಡಿ ಸೊಟ್ಟ ಆಗಿತ್ತು" ಎಂದು ಬೈದಳು. ಬೈಯುತ್ತಲೇ ಕಣ್ಣೊರೆಸಿಕೊಂಡಳು.

ಆಪರೇಷನ್ ಆಗಿ ಕಣ್ಣು ಕಾಣತೊಡಗಿದ ಮೇಲೆ ಅವಳು ಹಿತ್ತಲಲ್ಲಿ ಆ ಪತಂಗವನ್ನೇ ಹುಡುಕಿ ಕೂತಳು. "ನೋಡಿಲ್ಲಿ, ಜುಟ್ಟ ಬೆನ್ನಮ್ಯಾಲ ಬಿಟ್ಟೈತಿ" ಎಂದು ನನ್ನನ್ನು ಕರೆದು ತೋರಿಸಿದಳು. ಹುಳು, ಗೂಡು ಎಲ್ಲ ಆ ವರ್ಷವೇ ನೋಡಿದ್ದು. ನಾನು ಪರೀಕ್ಷೆಗೆ ಓದಿದ್ದಕ್ಕಿಂತ ಅದನ್ನು ನೋಡಿದ್ದೇ ಹೆಚ್ಚು.

ಇವತ್ತು ಪೇರಲ ಗಿಡದತ್ತ ಕಣ್ಣು ಕಿರಿದು ಮಾಡಿ ನೋಡಿದೆ. ಪತಂಗ ಯಾವುದು, ಒಣಗಿದ ಎಲೆ ಯಾವುದು ತಿಳಿಯಲಿಲ್ಲ. ಹಿಂದೆ ಕಟ್ಟೆಯ ಮೇಲೆ ಹೆಂಡತಿಯ ಓದು ನಡೆದೇ ಇತ್ತು. ಮದುವೆಯಾಗಿ ಇಷ್ಟು ವರ್ಷ ಇವಳು ಪೇಪರನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಳಲ್ಲ ಎಂಬುದು ಆಗ ಹೊಳೆಯಿತು.

"ಸೋಮವಾರ ಕಣ್ಣಿನ ಡಾಕ್ಟರ್ ಕಡೆ ಹೋಗಿ ಬರೂಣೇನು?" ಎಂದೆ.

ಅವಳು ಪೇಪರಿನಿಂದ ತಲೆ ಎತ್ತಲಿಲ್ಲ. "ಹೋದ ವಾರನಽ ಅಲ್ಲಿ ನಿಮ್ಮ ಹೆಸರ ಬರಸಿ ಬಂದೇನಿ. ಕೂಡ್ರಿ, ಇನ್ನೂ ಎರಡು ಪುಟ ಅದಾವ."