ಎರಡೂ ಸಲ ಎದ್ದ ಕೈ

ಶೇಕಡಾ ಲೆಕ್ಕದಲ್ಲಿ ಸೋತು ಸುಣ್ಣವಾದ ಸಮಸ್ತ ಮಹಾಜನರ ಪಾದಾರವಿಂದಗಳಿಗೆ ಈ ಪಾಮರನ ಸಾಷ್ಟಾಂಗ ಪ್ರಣಾಮಗಳು!

ಇವತ್ತು ಅಜ್ಜಂಪುರದ ಶಾಲೆಯೊಂದರ ಮುಂದೆ ಬಿಸಿಯೂಟದ ಸಾರಿನ ವಾಸನೆ ಬಂತು. ನಾನು ನೆನಪಲ್ಲೇ ನೇರ ನಮ್ಮೂರು ಶಿವನಿಯ ಏಳನೇ ಕ್ಲಾಸಿಗೆ ಹೋಗಿಬಿಟ್ಟೆ.

ಲೆಕ್ಕದ ಮೇಷ್ಟ್ರು ನಮ್ಮನ್ನೇ ಇಟ್ಟುಕೊಂಡು ಲೆಕ್ಕ ಕಟ್ಟುತ್ತಿದ್ದರು. "ಮನೆಯಿಂದ ಡಬ್ಬಿ ತರೋರು ಕೈ ಎತ್ರೋ." ಇಪ್ಪತ್ತರಲ್ಲಿ ಹನ್ನೆರಡು ಕೈ, ಶೇಕಡಾ ಅರವತ್ತು. "ಬಿಸಿಯೂಟ ಮಾಡೋರು?" ಹತ್ತು ಕೈ, ಶೇಕಡಾ ಐವತ್ತು. ಒಮ್ಮೆಯೂ ಕೈ ಎತ್ತದವರು ಯಾರೂ ಇರಲಿಲ್ಲ.

"ಕೂಡಿದ್ರೆ ನೂರಹತ್ತಾಯ್ತಲ್ರೋ! ಆ ಹೆಚ್ಚಿನ ಹತ್ತು ಎಲ್ಲಿಂದ ಬಂತು?"

"ಇಬ್ರು ಎರಡೂ ಸಲ ಎತ್ತಿದ್ದಾರೆ ಸಾರ್," ಎಂದೆ. ಅಲ್ಲಿಗೇ ಸುಮ್ಮನಾಗಬಹುದಿತ್ತು. "ಒಬ್ಬ ಗಿರೀಶ ಸಾರ್! ಅವನ ಡಬ್ಬಿ ಖಾಲಿ ಬರುತ್ತೆ, ಇಲ್ಲಿಂದ ತುಂಬ್ಕೊಂಡು ಹೋಗುತ್ತೆ!"

ಕ್ಲಾಸೆಲ್ಲ ನಕ್ಕಿತು. ಗಿರೀಶ ತಲೆ ತಗ್ಗಿಸಿ, "ಅಮ್ಮಂಗೆ ಹುಷಾರಿಲ್ಲ ಕಣೋ, ಅವಳಿಗೆ," ಎಂದ. ಮರುದಿನದಿಂದ ಅವನು ಡಬ್ಬಿ ತರಲಿಲ್ಲ. ಊಟಕ್ಕೆ ಕೂತರೂ ಅವನ ತಟ್ಟೆಯ ಅನ್ನ ಹಾಗೇ ಇರುತ್ತಿತ್ತು.

ಇನ್ನೊಬ್ಬ ಯಾರು ಅಂತ ಮೇಷ್ಟ್ರು ಕೇಳಲೇ ಇಲ್ಲ. ಇವತ್ತು ಅಜ್ಜಂಪುರದ ಆ ಶಾಲೆಯ ಗೇಟಿನ ಮುಂದೆ ನಿಂತು ಒಪ್ಪಿಕೊಳ್ತಿದ್ದೀನಿ. ಅಮ್ಮ ಕಟ್ಟಿಕೊಟ್ಟ ತುಪ್ಪದ ಚಪಾತಿ ಮುಗಿಸಿ, ಬಿಸಿಯೂಟಕ್ಕೂ ತಟ್ಟೆ ಹಿಡಿಯುತ್ತಿದ್ದ ಆ ಇನ್ನೊಬ್ಬ ನಾನೇ.