ಏಕನಾಥನ ಹನುಮಂತ

ಮಯೂರ್ ವಿಹಾರದ ಸರ್ಕಾರದ ಡಿಡಿಎ ಕಟ್ಟಿಸಿದ ಫ್ಲಾಟಿನಲ್ಲಿ ಮೂವತ್ತೈದು ವರ್ಷದಿಂದ ಇದ್ದೇನೆ, ಲೀಲಮ್ಮ ಅಂದರೆ ಎಲ್ಲರಿಗೂ ಗೊತ್ತು. ನನ್ನ ಎದುರು ಬಾಗಿಲಿನವನು ಏಕನಾಥ. ವಯಸ್ಸು ನಲವತ್ಮೂರು, ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಗುಮಾಸ್ತ, ಮದುವೆಯಿಲ್ಲ. ನಾನೇ ಮೂರು ಸಲ ಹೆಣ್ಣು ತೋರಿಸಿದೆ. ಮೂರು ಸಲವೂ ತಲೆ ತಗ್ಗಿಸಿ ಉಪ್ಪಿಟ್ಟು ತಿಂದು ಎದ್ದು ಬಂದ. ಬಾಯಿ ಬಿಟ್ಟರೆ ಮುತ್ತು ಉದುರುತ್ತಿತ್ತೇ? ಬೆಳಿಗ್ಗೆ ಮೆಟ್ರೋ, ಸಂಜೆ ಮೆಟ್ರೋ, ನಡುವೆ ಫೈಲು. ತರಕಾರಿ ಭಯ್ಯಾನ ಹತ್ತಿರ ಆಡುವ ನಾಲ್ಕು ಮಾತು ಬಿಟ್ಟರೆ ಅವನ ಬಾಯಿಗೆ ಕೆಲಸವಿಲ್ಲ.

ಅವನಿಗೆ ಹನ್ನೆರಡು ತುಂಬಿದಾಗ ಅವರಪ್ಪ ಲಜಪತ್ ರಾಯ್ ಮಾರ್ಕೆಟ್ಟಿನಿಂದ ಒಂದು ವಿಡಿಯೋ ಗೇಮ್ ತಂದರು, ಜೊತೆಗೆ ಅದರೊಳಗೆ ಸಿಕ್ಕಿಸಿ ಆಡುವ ಒಂದು ಹಳದಿ ಕ್ಯಾಸೆಟ್ಟು. ಅದಕ್ಕೆ ಕಂಪನಿಯ ಹೆಸರಿಲ್ಲ, ವಿಳಾಸವಿಲ್ಲ. ಮೇಲೆ ಅಂಟಿಸಿದ ಹನುಮಂತನ ಚಿತ್ರದಲ್ಲಿ ತುಟಿಯ ಕೆಂಪು ಗೆರೆ ದಾಟಿ ಕಿವಿಯವರೆಗೂ ಹರಡಿತ್ತು. ಯಾರೋ ಪುಣ್ಯಾತ್ಮ ಯಾವುದೋ ಪರದೇಶದ ಆಟವನ್ನು ಕದ್ದು, ಅದರ ನಾಯಕನಿಗೆ ಬಾಲ, ಗದೆ ಬರೆದು ಮಾರಿದ್ದ. ಹನುಮಂತ ಸಮುದ್ರ ಹಾರಬೇಕು, ರಾಕ್ಷಸರನ್ನು ಬಡಿಯಬೇಕು, ಅಗ್ನಿಕುಂಡಗಳನ್ನು ದಾಟಿ ಅಶೋಕವನದಲ್ಲಿ ಸೀತಮ್ಮನಿಗೆ ಉಂಗುರ ಕೊಡಬೇಕು. ಇರುವುದು ಮೂರು ಜೀವ.

ಮೊದಲ ದಿನ ನಾನೂ ಹೋಗಿ ನೋಡಿದೆ. ಆಗಲೇ ಎರಡು ಜೀವ ಹೋಗಿತ್ತು. ಅವನ ತಾಯಿ ಸುಂದರಾಬಾಯಿ ಹೂಬತ್ತಿ ಹೊಸೆಯುತ್ತ ಕೂತಿದ್ದರು. ನಾನು ಸುಮ್ಮನಿರಲಾರದೆ, “ಏನ್ರೀ ಇದು, ಚಿರಂಜೀವಿ ಹನುಮಂತ ನಿಮ್ಮನೇಲಿ ಸಾಯ್ತಾನಾ?” ಎಂದುಬಿಟ್ಟೆ.

ತಮಾಷೆಗೆ ಅಂದದ್ದು. ಆದರೆ ಅದು ಪ್ರಾಣದೇವರೆಂದು ಹನುಮಂತನಿಗೆ ನೈವೇದ್ಯವಾಗದೆ ತುತ್ತೆತ್ತದ ಮನೆ. ಸುಂದರಾಬಾಯಿಯ ಮುಖ ಬಿಳಿಚಿಕೊಂಡಿತು. “ಏಕೂ, ಆರಿಸು” ಎಂದರು. ಅಂದಿನಿಂದ ಅದೇ ಕಟ್ಟಳೆ. ಒಂದೇ ಜೀವ ಉಳಿದ ಕೂಡಲೇ ಸ್ವಿಚ್ಚು ಆರಬೇಕು, ಮರುದಿನ ಮತ್ತೆ ಸಮುದ್ರದ ದಡದಿಂದ ಶುರು. ನಿಲ್ಲಿಸಿದಲ್ಲಿಂದ ಮುಂದುವರಿಸುವ ಸೌಕರ್ಯ ಆ ಕ್ಯಾಸೆಟ್ಟಿನಲ್ಲಿರಲಿಲ್ಲ. ಎರಡೇ ಜೀವದಲ್ಲಿ ಸೀತಮ್ಮನವರೆಗೆ ಹೋಗುವುದು ಯಾರಿಂದಾದೀತು?

ಅವರಪ್ಪ ತೀರಿಕೊಂಡರು, ಆಟ ಅಟ್ಟ ಸೇರಿತು. ಮೂರು ವರ್ಷದ ಹಿಂದೆ ಸುಂದರಾಬಾಯಿ ಸೊಂಟ ಮುರಿದುಕೊಂಡು ಮಂಚ ಹಿಡಿದರು. ಒಂದು ಸಂಜೆ ನನ್ನೆದುರಿಗೇ ಮಗನನ್ನು ಕೇಳಿದರು. “ಆ ಹನುಮಂತ ಇದ್ದಾನೇನೋ? ಸೀತಮ್ಮನಿಗೆ ಉಂಗುರ ಕೊಡೋದನ್ನ ಒಂದು ಸಲ ನೋಡಬೇಕು ಕಣೋ.”

ಅಂದಿನಿಂದ ಏಕನಾಥ ಆಫೀಸಿನಿಂದ ಓಡೋಡಿ ಬಂದು ಹಳೆಯ ಡಬ್ಬಾ ಟಿವಿಯ ಮುಂದೆ ಕೂರುತ್ತಿದ್ದ. ಕ್ಯಾಸೆಟ್ಟಿಗೆ ಊದುವುದು, ಒರೆಸುವುದು, ಎರಡು ಜೀವ ಆಡುವುದು, ಆರಿಸುವುದು. ಅಗ್ನಿಕುಂಡಗಳನ್ನು ಒಂದು ದಿನವೂ ದಾಟಲಿಲ್ಲ. ಹೋದ ಡಿಸೆಂಬರಿನಲ್ಲಿ ಸುಂದರಾಬಾಯಿ ಸೀತಮ್ಮನನ್ನು ನೋಡದೆಯೇ ಹೋದರು.

ಆಮೇಲೆ ಅವನು ಪೂರ್ತಿ ಮೂಕನಾದ. ಈಗಲೂ ಅಭ್ಯಾಸಬಲದಿಂದ ಆಫೀಸು ಬಿಟ್ಟ ಕೂಡಲೇ ಸಿಕ್ಕ ಮೆಟ್ರೋ ಹಿಡಿದು ಓಡಿ ಬರುತ್ತಾನೆ, ಬಂದು ಮೆಟ್ಟಿಲ ಕೆಳಗೆ ಅರ್ಧ ಗಂಟೆ ನಿಂತಿರುತ್ತಾನೆ. ನೋಡಿದರೆ ನನಗೆ ಕರುಳು ಚುರ್ ಎನ್ನುತ್ತದೆ, ಬಾಯಲ್ಲಿ ಮಾತ್ರ ಬೈಗುಳವೇ ಬರುತ್ತದೆ.

ಹೋದ ಭಾನುವಾರ ಬೆಳಿಗ್ಗೆ ಹುಳಿ ಕೊಡಲು ಹೋದೆ. ಟಿವಿ ಮುಂದೆ ಕೂತಿದ್ದ.

“ಮತ್ತೆ ಶುರು ಮಾಡಿದೆಯಾ?”

“ಅಮ್ಮನ ಆಸೆ ಅರ್ಧಕ್ಕೇ ನಿಂತಿದೆ ಆಂಟಿ. ಕ್ಯಾಸೆಟ್ಟು ಬೇರೆ ದಿನಾ ಕೈ ಕೊಡ್ತಿದೆ. ಇನ್ನೆಷ್ಟು ದಿನ ನಡೆಯುತ್ತೋ.”

ಮೊದಲ ಕುಂಡದಲ್ಲಿ ಒಂದು ಜೀವ ಹೋಯಿತು, ಎರಡನೆಯದರಲ್ಲಿ ಇನ್ನೊಂದು. ಅವನ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು. ನಾನು ಮಣಿಕಟ್ಟು ಹಿಡಿದೆ.

“ಬಿಡೋ. ಅವತ್ತು ಆ ಮಾತು ಆಡಿದವಳು ನಾನು. ಪಾಪ ಬಂದರೆ ನನಗೇ ಬರಲಿ. ಚಲೋ, ಆಡು.”

ಅವನು ಕೈ ಹಿಂತೆಗೆದು ಆಡಿದ. ಮೂರನೆಯ ಕುಂಡದಲ್ಲಿ ಹನುಮಂತ ಬಿದ್ದ. ನಾನು ಕಣ್ಣು ಮುಚ್ಚಿಕೊಂಡೆ.

“ಆಂಟಿ, ಇಲ್ಲಿ ನೋಡಿ” ಎಂದ.

ಹನುಮಂತ ಸತ್ತಿರಲಿಲ್ಲ. ಕುಂಡದ ಪಕ್ಕದಲ್ಲಿ ಕೈಮುಗಿದು ಕೂತಿದ್ದ. ತಲೆಯ ಮೇಲೆ ಹಿಂದಿಯಲ್ಲಿ ರಾಮನ ಹೆಸರು ಮೂಡಿತು. ಹತ್ತು ಎಣಿಸುವಷ್ಟರಲ್ಲಿ ಅದೇ ಜಾಗದಲ್ಲಿ ಎದ್ದು ನಿಂತ, ಮತ್ತೆ ಮೂರು ಜೀವದೊಂದಿಗೆ. ಆಟ ಕದ್ದ ಆ ಪುಣ್ಯಾತ್ಮನಿಗೂ ಹನುಮಂತನನ್ನು ಸಾಯಿಸಲು ಮನಸ್ಸು ಬಂದಿರಲಿಲ್ಲ. ಒಂದೇ ಒಂದು ಸಂಜೆ ಸ್ವಿಚ್ಚು ಆರಿಸದೆ ಬಿಟ್ಟಿದ್ದರೆ ಸುಂದರಾಬಾಯಿ ಮಂಚದ ಮೇಲಿಂದಲೇ ಸೀತಮ್ಮನನ್ನು ನೋಡುತ್ತಿದ್ದರು. ನನ್ನ ಹಾಳು ನಾಲಿಗೆ.

ಅವನು ಬೈಯಲಿ ಎಂದು ಕಾದೆ. ಬೈಯಲಿಲ್ಲ. “ಮುಂದೆ ಆಡಲಾ ಆಂಟಿ?” ಎಂದು ಕೇಳಿದ, ಅಷ್ಟೇ. ನಾನು ಅವನ ಹಿಂದೆ ಕುರ್ಚಿ ಎಳೆದುಕೊಂಡು ಕೂತೆ.

ಹನುಮಂತ ಎಷ್ಟು ಸಲ ಬಿದ್ದನೋ, ಎಷ್ಟು ಸಲ ಕೈಮುಗಿದು ಎದ್ದನೋ. ಹುಳಿ ಆರಿ ತಣ್ಣಗಾಯಿತು. ಮಧ್ಯಾಹ್ನದ ಹೊತ್ತಿಗೆ ಅಶೋಕವನ ಬಂತು. ಸೀತಮ್ಮ ಎಂದರೆ ಹೆಬ್ಬೆರಳುದ್ದದ ಗುಲಾಬಿ ಸೀರೆ, ಉಂಗುರ ಎಂದರೆ ಮಿನುಗುವ ಒಂದು ಚುಕ್ಕೆ. ಹನುಮಂತ ಮಂಡಿಯೂರಿ ಕೊಟ್ಟ, ಸೀತಮ್ಮ ಕೈ ಚಾಚಿ ತೆಗೆದುಕೊಂಡಳು.

ಏಕನಾಥ ಥಟ್ಟನೆ ಹಿಂದಕ್ಕೆ ತಿರುಗಿ, “ಅಮ್ಮಾ, ನೋಡಿಲ್ಲಿ, ಕೊಟ್ಟ” ಎಂದ.

ಅಲ್ಲಿ ಮಂಚವಿರಲಿಲ್ಲ. ಅದನ್ನು ಮಡಚಿ ಗೋಡೆಗೆ ಒರಗಿಸಿ ನಾಲ್ಕು ತಿಂಗಳಾಗಿತ್ತು. ಇದ್ದವಳು ನಾನೊಬ್ಬಳೇ. ಅವನ ಮುಖ ನೋಡಲು ನನ್ನಿಂದಾಗಲಿಲ್ಲ.

“ನೋಡಿದೆ ಕಣೋ ಏಕೂ” ಎಂದೆ. “ಸಾಕು, ಆರಿಸು.”